ನರ ಸಿಗ್ತಿಲ್ಲ

“ನರ ಸಿಗ್ತಿಲ್ಲ ಅಜ್ಜಿ, ಮುಷ್ಟಿ ಗಟ್ಟಿಯಾಗಿ ಹಿಡೀರಿ.”

ಹೆಬ್ಬಾಳದ ಮೇಲ್ಸೇತುವೆಗೆ ಸಮೀಪದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಡಿಸೆಂಬರಿನ ಒಂದು ನಸುಕಿನಲ್ಲಿ ಈ ಮಾತು ಕೇಳಿದೆ. ರಾಜಾನುಕುಂಟೆಯ ಆಚೆಗಿನ ನಮ್ಮೂರಿನಲ್ಲಿ, ಕೊಟ್ಟಿಗೆಯ ಚಪ್ಪಡಿಯ ಮೇಲೆ ಜಾರಿ ಬಿದ್ದು ಅಮ್ಮ ತೊಡೆಯ ಮೂಳೆಯನ್ನು ಸೊಂಟದ ಸಂದಿನಲ್ಲಿ ಮುರಿದುಕೊಂಡಿದ್ದಳು. ಎಪ್ಪತ್ತೆರಡು ವಯಸ್ಸು. ನೋವಿಗೆ ರಾತ್ರಿಯೆಲ್ಲ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಎಳೆಯ ವಯಸ್ಸಿನ ಸಿಸ್ಟರ್ ಎರಡು ಸಲ ಚುಚ್ಚಿದಳು, ಎರಡು ಸಲವೂ ಆಗಲಿಲ್ಲ. ಮೂರನೆಯದಕ್ಕೆ ಕೈ ಹಾಕದೆ ಹಿರಿಯ ಸಿಸ್ಟರನ್ನು ಕರೆದಳು. ಅವತ್ತು ನಾನು ಅದನ್ನು ಸೋಲು ಅಂದುಕೊಂಡೆ. ಎರಡು ಪ್ರಯತ್ನ ವಿಫಲವಾದರೆ ಸೂಜಿಯನ್ನು ಹೆಚ್ಚು ಪಳಗಿದ ಕೈಗೆ ಕೊಡಬೇಕೆಂಬುದು ನರ್ಸಿಂಗಿನ ಒಳ್ಳೆಯ ಶಿಸ್ತುಗಳಲ್ಲೊಂದು ಎಂದು ಗೊತ್ತಾದದ್ದು ಆಮೇಲೆ.

ಶಾಲೆಯ ಪುಸ್ತಕದ ಪ್ರಕಾರ ನರ ಎಂದರೆ ಮಿದುಳಿನ ಸಂದೇಶ ಒಯ್ಯುವ ತಂತು; ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ ಅಭಿಧಮನಿ. ಆದರೆ ಯಲಹಂಕದಿಂದ ಯಶವಂತಪುರದವರೆಗೆ ಯಾವ ವಾರ್ಡಿನಲ್ಲೂ “ಅಭಿಧಮನಿ ಸಿಗ್ತಿಲ್ಲ” ಎಂದವರನ್ನು ನಾನು ಕಾಣೆ. ಚರ್ಮದ ಅಡಿಯಲ್ಲಿ ಹಗ್ಗದಂತೆ ಓಡುವುದೆಲ್ಲ ನಮಗೆ ನರವೇ. ಮೈಯಲ್ಲಿ ಮಾಂಸವಿಲ್ಲದೆ ಅವು ಎದ್ದು ಕಾಣುವವನನ್ನು ನರಪೇತಲ ಎನ್ನುತ್ತೇವೆ. ಸೂಜಿ ಹಿಡಿದವರಿಗೆ ಮಾತ್ರ ಅಂಥವನ ಕೈ ಕಂಡರೆ ಸಮಾಧಾನ. ಈ ಬರಹದಲ್ಲಿ ನಾನು ಮಾತ್ರ ರಕ್ತ ಹರಿಯುವುದನ್ನು ನಾಳ ಎನ್ನುತ್ತೇನೆ. ಯಾಕೆಂದರೆ ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಮೇಲೆ ಹಾಯುವ ಜಾಗದಲ್ಲಿ ಎರಡೂ ಬಗೆಯ ನರಗಳು ಪಕ್ಕಪಕ್ಕದಲ್ಲಿವೆ. ಅಲ್ಲಿ ಸೂಜಿ ರಕ್ತನಾಳವನ್ನು ತಪ್ಪಿ ನಿಜವಾದ ನರಕ್ಕೆ ತಾಗಿದರೆ ಬೆರಳ ತುದಿಯವರೆಗೆ ಕರೆಂಟು ಹೊಡೆದಂತಾಗುತ್ತದೆ. ಹಾಗಾದರೆ ತಕ್ಷಣ ಹೊರಗೆಳೆಯಬೇಕು. ರೋಗಿ “ಶಾಕ್ ಹೊಡೀತು” ಎಂದರೆ ಅದು ಹೆದರಿಕೆಯ ಮಾತಲ್ಲ, ಖಚಿತವಾದ ವರದಿ.

ಹಿರಿಯ ಸಿಸ್ಟರ್ ಬಂದವರೇ ಸೂಜಿಯನ್ನು ಮುಟ್ಟಲಿಲ್ಲ. ಮಂಚವನ್ನು ತುಸು ಏರಿಸಿದರು, ಅಮ್ಮನ ಕೈಯನ್ನು ಕೆಳಗೆ ಇಳಿಬಿಟ್ಟರು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಸುತ್ತಿ ಎರಡು ನಿಮಿಷ ಸುಮ್ಮನೆ ನಿಂತರು. ಆ ಎರಡು ನಿಮಿಷದಲ್ಲಿ ವಿಜ್ಞಾನ ಕೆಲಸ ಮಾಡುತ್ತಿತ್ತು. ಮೈಯಲ್ಲಿ ನೀರು ಕಡಿಮೆಯಾದಾಗ, ಚಳಿಯಾದಾಗ, ಹೆದರಿದಾಗ ದೇಹ ಮೊದಲು ಕೈಕಾಲಿನ ನಾಳಗಳನ್ನು ಬಿಗಿಹಿಡಿದು ರಕ್ತವನ್ನು ಹೃದಯ, ಮಿದುಳಿನ ಕಡೆಗೆ ಉಳಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಗೆ ಹೋಗುವವರಲ್ಲಿ, ಮುಗಿಸಿ ಬಂದವರಲ್ಲಿ ಈ ಮೂರೂ ಕೂಡಿರುತ್ತವೆ. ಹೊಟ್ಟೆ ಖಾಲಿ, ಆಪರೇಷನ್ ಥಿಯೇಟರಿನ ಥಂಡಿ, ಒಳಗಿನ ಭಯ. ಶಾಖ ಆ ಬಿಗಿತವನ್ನು ಸಡಿಲಿಸುತ್ತದೆ, ಇಳಿಬಿಟ್ಟ ಕೈಗೆ ರಕ್ತ ಇಳಿಯುತ್ತದೆ. ಆಮೇಲೆ ಅವರು ಪಟ್ಟಿ ಬಿಗಿದು ಕಣ್ಣನ್ನು ಬೇರೆಡೆಗೆ ತಿರುಗಿಸಿ ತೋರುಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಒಳ್ಳೆಯ ನಾಳ ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ಒತ್ತಿದರೆ ತಗ್ಗಿ ಬಿಟ್ಟರೆ ಪುಟಿಯುತ್ತದೆ. ಹಳೆಯ ಚುಚ್ಚಿನಿಂದ ಗಡ್ಡೆಗಟ್ಟಿದ್ದು ದಾರದಂತೆ ಗಟ್ಟಿ. ಸ್ನಾಯುವಿನ ಕಂಡರ ಬೆರಳಾಡಿಸಿದರೆ ಅಲುಗುತ್ತದೆ. ಒಳಗೆ ಮಿಡಿಯುತ್ತಿದ್ದರೆ ಅದು ಅಪಧಮನಿ, ಅಲ್ಲಿ ಕೈ ಹಾಕಬಾರದು. ನೀಲಿಯಾಗಿ ಕಾಣುವ ನಾಳಕ್ಕಿಂತ ಬೆರಳಿಗೆ ಸಿಗುವ ನಾಳವೇ ನಂಬಿಕಸ್ಥ.

ಓದುಗರು ಇಲ್ಲೊಂದು ಪ್ರಯೋಗ ಮಾಡಬಹುದು. ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಚಿತ್ರ ಸಮೇತ ತೋರಿಸಿದ್ದು ಇದನ್ನೇ. ಮೊಣಕೈ ಮೇಲೆ ಟವೆಲ್ ಬಿಗಿದು ಮುಷ್ಟಿ ಹಿಡಿಯಿರಿ. ಮುಂಗೈಯಲ್ಲಿ ಉಬ್ಬಿದ ಒಂದು ನಾಳವನ್ನು ಒಂದು ಬೆರಳಿನಿಂದ ಅದುಮಿ, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ಸವರಿ. ನಾಳ ಖಾಲಿಯಾಗುತ್ತದೆ, ಹಾಗೇ ಖಾಲಿಯಾಗಿ ಉಳಿಯುತ್ತದೆ. ಮೇಲಿನ ರಕ್ತ ಹಿಂದಕ್ಕೆ ಬರಲಾರದು, ಯಾಕೆಂದರೆ ನಡುವೆ ಕವಾಟಗಳಿವೆ, ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಅದುಮಿದ ಬೆರಳು ತೆಗೆದರೆ ಸರಕ್ಕನೆ ತುಂಬುತ್ತದೆ. ರಕ್ತ ಸುತ್ತಿ ಬರುತ್ತದೆ ಎಂಬುದಕ್ಕೆ ಹಾರ್ವೆಗೆ ಸಿಕ್ಕ ಸಾಕ್ಷಿಗಳಲ್ಲಿ ಇದೂ ಒಂದು. ಸಿಸ್ಟರಿಗೆ ಈ ಕವಾಟಗಳು ದಿನನಿತ್ಯದ ತಕರಾರು. ಸೂಜಿ ಸರಿಯಾಗಿಯೇ ಒಳಗೆ ಹೋಗಿ ರಕ್ತ ಕಾಣಿಸಿಕೊಂಡರೂ ಅದರ ಮೇಲಿನ ಪ್ಲಾಸ್ಟಿಕ್ ನಳಿಕೆ ಮುಂದಕ್ಕೆ ಸರಿಯದಿದ್ದರೆ, ತುದಿ ಕವಾಟಕ್ಕೆ ಎದುರಾಗಿರಬಹುದು. ಒತ್ತಿದರೆ ನಾಳ ಹರಿಯುತ್ತದೆ. ತಾಳ್ಮೆ ಇದ್ದವರು ಸ್ವಲ್ಪ ಸಲೈನ್ ಬಿಟ್ಟು ಆ ಬಾಗಿಲನ್ನು ತೆರೆಯಿಸಿ ನಳಿಕೆಯನ್ನು ತೇಲಿಸಿ ಒಯ್ಯುತ್ತಾರೆ.

ಅಮ್ಮನಿಗೆ ಕೊನೆಗೆ ನಾಳ ಸಿಕ್ಕಿದ್ದು ಬಲಗೈ ಮಣಿಕಟ್ಟಿನ ಹತ್ತಿರ. “ಇದು ಬಗ್ಗೋ ಜಾಗ, ಇಲ್ಲಿ ಬೇಡಾಗಿತ್ತು. ಆಪರೇಷನ್ ಆಗ್ಲಿ, ಆಮೇಲೆ ಮೇಲಕ್ಕೆ ಹಾಕೋಣ,” ಎಂದು ಹಿರಿಯ ಸಿಸ್ಟರ್ ತಮಗೆ ತಾವೇ ಹೇಳಿಕೊಂಡರು. ಆ ಮಾತು ನೆನಪಿನಲ್ಲಿರಲಿ.

ಅಂಟಿಸಿದ ಪಟ್ಟಿಯಡಿಯಿಂದ ಹಸಿರು ಬಣ್ಣದ ಪುಟ್ಟ ರೆಕ್ಕೆ ಕಾಣುತ್ತಿತ್ತು. ಆ ಬಣ್ಣಕ್ಕೆ ಅರ್ಥವಿದೆ. ಹಸಿರು ಎಂದರೆ 18 ಗೇಜ್, ಗುಲಾಬಿ 20, ನೀಲಿ 22, ಹಳದಿ 24. ಸಂಖ್ಯೆ ಹೆಚ್ಚಿದಷ್ಟೂ ನಳಿಕೆ ಸಪೂರ. ತಂತಿ ಎಳೆಯುವ ಕಾರ್ಖಾನೆಯ ಅಳತೆಯಿಂದ ಬಂದ ಲೆಕ್ಕವಿದು, ಹೆಚ್ಚು ಸಲ ಎಳೆದಷ್ಟೂ ತಂತಿ ತೆಳ್ಳಗಾಗುತ್ತದಲ್ಲ, ಹಾಗೆ. ಫ್ರಾನ್ಸಿನ ವೈದ್ಯ ಪ್ವಾಸಯಿ 1840ರ ದಶಕದಲ್ಲಿ ಸಪೂರ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಕಂಡುಕೊಂಡ ನಿಯಮ ಇಲ್ಲಿ ಆಳುತ್ತದೆ. ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗುಲಾಬಿಯಲ್ಲಿ ನಿಮಿಷಕ್ಕೆ ಸುಮಾರು 60 ಮಿ.ಲೀ. ಹರಿದರೆ, ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣದ ನೀಲಿಯಲ್ಲಿ 36ರ ಆಸುಪಾಸು. ಆಪರೇಷನ್ ಮೇಜಿನ ಮೇಲೆ ರಕ್ತ ಸುರಿದರೆ ಬೇಗ ತುಂಬಬೇಕು, ಅದಕ್ಕೇ ಹಸಿರು. ವಾರ್ಡಿಗೆ ಬಂದಮೇಲೆ ದಿನಕ್ಕೆರಡು ಇಂಜೆಕ್ಷನ್ನಿಗೆ ಅಷ್ಟು ದಪ್ಪ ಬೇಕಿಲ್ಲ. ನಳಿಕೆ ಸಣ್ಣದಾದಷ್ಟೂ ಅದರ ಸುತ್ತ ರಕ್ತ ಹರಿಯುವ ಜಾಗ ಉಳಿಯುತ್ತದೆ, ಹೋದ ಔಷಧಿ ಬೇಗ ತಿಳಿಯಾಗಿ ನಾಳದ ಗೋಡೆಯನ್ನು ಸುಡುವುದಿಲ್ಲ.

ವೆನ್‌ಫ್ಲಾನ್ ಅಥವಾ ಲೈನ್ ಎಂದು ವಾರ್ಡಿನಲ್ಲಿ ಎಲ್ಲರೂ ಕರೆಯುವ ಈ ವಸ್ತುವಿನ ಬಗ್ಗೆ ರೋಗಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರುಬಿಟ್ಟಿದೆ. ಸೂಜಿ ಕೈಯೊಳಗೇ ಇದೆ ಎಂದು ನಂಬಿ ಎಷ್ಟೋ ಮಂದಿ ಮೂರು ದಿನ ಕೈಯನ್ನು ಮರದ ಕೊರಡಿನಂತೆ ಇಟ್ಟುಕೊಳ್ಳುತ್ತಾರೆ. ಸೂಜಿ ಇರುವುದಿಲ್ಲ. ಅದು ದಾರಿ ಮಾಡಿಕೊಟ್ಟು ಆ ಕ್ಷಣವೇ ಹೊರಬರುತ್ತದೆ. ಅದರ ಮೇಲೆ ತೊಡಿಸಿದ್ದ ಮೆತ್ತನೆಯ ಪ್ಲಾಸ್ಟಿಕ್ ಕವಚ ಮಾತ್ರ ಒಳಗೆ ಉಳಿಯುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಅರಿವಳಿಕೆ ವೈದ್ಯ ಡೇವಿಡ್ ಮಾಸಾ 1950ರಲ್ಲಿ ರೂಪಿಸಿದ ಉಪಾಯ ಇದು. ಅದಕ್ಕೂ ಮೊದಲು ಲೋಹದ ಸೂಜಿಯೇ ನಾಳದಲ್ಲಿರುತ್ತಿತ್ತು, ಕೈ ಅಲುಗಿದರೆ ಗೋಡೆ ತೂತಾಗುತ್ತಿತ್ತು, ಕೊರಡಿನಂತೆ ಕೈ ಇಡಬೇಕಾಗಿದ್ದು ಆಗ.

ನಾಳದೊಳಕ್ಕೆ ಉಪ್ಪುನೀರು ಬಿಡುವ ಯೋಚನೆ ಇದಕ್ಕಿಂತ ನೂರು ವರ್ಷಕ್ಕೂ ಹಳೆಯದು, ಹುಟ್ಟಿದ್ದು ಕಾಲರಾದಿಂದ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಇಪ್ಪತ್ತೆರಡರ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣ ತೀರಿಹೋಗಿವೆ ಎಂದು ತೋರಿಸಿದ. ಮುಂದೆ ಕಲ್ಕತ್ತೆಗೆ ಬಂದು ನಮ್ಮ ದೇಶದ ಮೊದಲ ತಂತಿ ಮಾರ್ಗಗಳನ್ನು ಹಾಕಿಸಿದವನೂ ಇವನೇ. ಅವನ ಮಾತನ್ನು ಕೃತಿಗಿಳಿಸಿದವನು ಸ್ಕಾಟ್ಲೆಂಡಿನ ಲೀತ್ ಬಂದರಿನ ವೈದ್ಯ ಥಾಮಸ್ ಲಟ್ಟಾ. 1832ರ ಮೇ ತಿಂಗಳಲ್ಲಿ, ಎಲ್ಲರೂ ಕೈಬಿಟ್ಟಿದ್ದ ಒಬ್ಬ ಮುದುಕಿಯ ತೋಳಿನ ನಾಳಕ್ಕೆ ಉಪ್ಪುನೀರನ್ನು ಔನ್ಸು ಔನ್ಸಾಗಿ ಬಿಡುತ್ತ ಕುಳಿತ. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಉಸಿರು ಹಗುರವಾಯಿತು, ಗುಳಿಬಿದ್ದ ಕಣ್ಣಿಗೆ ಹೊಳಪು ಬಂತು, ಕಾಣೆಯಾಗಿದ್ದ ನಾಡಿ ಬೆರಳಿಗೆ ಸಿಕ್ಕಿತು. ಅರ್ಧ ಗಂಟೆಯಲ್ಲಿ ಆರು ಪಿಂಟ್, ಅಂದರೆ ಮೂರು ಲೀಟರಿಗೂ ಮೇಲೆ. ಆಕೆ ತಮಾಷೆಯ ಮಾತಾಡಿದಳು, ಸ್ವಲ್ಪ ನಿದ್ದೆ ಮಾಡಿದರೆ ಸಾಕು ಎಂದಳು. ಲಟ್ಟಾ ಆಕೆಯನ್ನು ಆಸ್ಪತ್ರೆಯವರ ವಶಕ್ಕೆ ಬಿಟ್ಟು ಹೊರಟ. ಅವನು ಹೋದಮೇಲೆ ವಾಂತಿಭೇದಿ ಮತ್ತೆ ಶುರುವಾಯಿತು. ಅವನಿಗೆ ಯಾರೂ ಹೇಳಿಕಳಿಸಲಿಲ್ಲ. ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡಳು.

ನಾಳಕ್ಕೆ ದ್ರವ ಬಿಟ್ಟ ಆ ಮೊದಮೊದಲ ರೋಗಿಯ ಕಥೆಯಲ್ಲೇ ಎಲ್ಲವೂ ಇದೆ ಎಂದು ನನಗನ್ನಿಸುತ್ತದೆ. ಲೈನ್ ಹಾಕುವುದು ಅರ್ಧ ಗಂಟೆಯ ಕೆಲಸ. ಉಳಿದ ಐದೂವರೆ ಗಂಟೆ ಯಾರು ನೋಡುತ್ತಾರೆ?

ಅಮ್ಮನಿಗೆ ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿಗೆ ತಂದಾಗ ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನು ನೋಡಿ ಅವಳು ಆಡಿದ ಮೊದಲ ಮಾತು: “ನಮ್ ಹಸೂಗೆ ಹಾಕ್ದಂಗೆ ನಂಗೂ ಬಾಟ್ಲು ಹಾಕವ್ರಲ್ಲ.” ಕರು ಹಾಕಿದ ಒಂದೆರಡು ದಿನಕ್ಕೆ ನೆಲ ಹಿಡಿದು ಮಲಗುವ ಹಸುವಿನ ಕುತ್ತಿಗೆಯ ನಾಳಕ್ಕೆ ಪಶುವೈದ್ಯರು ಕ್ಯಾಲ್ಸಿಯಂ ಬಾಟಲಿ ಏರಿಸುವುದು ಯಲಹಂಕದ ಸುತ್ತಿನ ಹೈನಿನ ಊರುಗಳಿಗೆ ಹೊಸತಲ್ಲ. ಅಮ್ಮನ ಬಾಟಲಿಯಲ್ಲೂ ಚೂರು ಕ್ಯಾಲ್ಸಿಯಂ ಇತ್ತು, ಅದು ಆರ್‌ಎಲ್, ರಿಂಗರ್ ಲ್ಯಾಕ್ಟೇಟ್. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯಗಳನ್ನು ಉಪ್ಪುನೀರಿನಲ್ಲಿ ಮಿಡಿಯುವಂತೆ ಇಟ್ಟಿದ್ದಾಗ, ಅವು ಬಹಳ ಹೊತ್ತು ಚೆನ್ನಾಗಿ ಬಡಿಯುತ್ತಿದ್ದವು. ಹುಡುಕಿದಾಗ ತಿಳಿದದ್ದು, ಸಹಾಯಕ ಭಟ್ಟಿಯಿಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಿದ್ದ ಎಂಬುದು. ಶುದ್ಧ ನೀರಿಗೆ ಬದಲಾಯಿಸಿದರೆ ಹೃದಯ ನಿಂತಿತು. ಲಂಡನ್ನಿನ ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಆ ಹೃದಯಗಳನ್ನು ನಡೆಸಿತ್ತು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದ.

ನೋಡಲು ಬಂದ ನೆಂಟರು ಆರ್‌ಎಲ್ ಕಂಡು ನಿರಾಶರಾದರು. “ಗ್ಲೂಕೋಸ್ ಹಾಕ್ಸಿ, ಶಕ್ತಿ ಬರುತ್ತೆ.” ಶೇಕಡ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಹೆಚ್ಚೆಂದರೆ ನೂರು ಕ್ಯಾಲರಿ. ಅಮ್ಮ ಮನೆಯಲ್ಲಿ ಉಣ್ಣುವ ಒಂದು ರಾಗಿ ಮುದ್ದೆಗೆ ಇದು ಎಲ್ಲಿಯ ಸಾಟಿ! ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಶಸ್ತ್ರಚಿಕಿತ್ಸೆಯ ಆಘಾತಕ್ಕೆ ದೇಹ ಮೂತ್ರ ತಡೆಯುವ ಹಾರ್ಮೋನನ್ನು ಹೆಚ್ಚಿಸಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಬರೀ ಗ್ಲೂಕೋಸ್ ನೀರು ಏರಿಸುತ್ತ ಹೋದರೆ ಸಕ್ಕರೆ ಕರಗಿ ನೀರಷ್ಟೇ ಉಳಿದು ರಕ್ತದ ಸೋಡಿಯಂ ತೆಳುವಾಗುತ್ತದೆ. ಮುದುಕರಲ್ಲಿ ಇದರಿಂದ ಮಂಕು ಕವಿಯುವುದು, ಅಡ್ಡಾದಿಡ್ಡಿ ಮಾತು, ಫಿಟ್ಸ್ ಕೂಡ ಬರಬಹುದು.

ಬಾಟಲಿ ನೇತುಹಾಕುವ ಮುಂಚೆ ಸಿಸ್ಟರ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದುದನ್ನು ಗಮನಿಸಿದ್ದೆ. ತೇಲುವ ಕಣ, ಮಬ್ಬು, ಬಿರುಕು, ಅವಧಿ ಮುಗಿದ ದಿನಾಂಕ, ಇವಿಷ್ಟನ್ನು ಕಣ್ಣು ಹಿಡಿಯಬಲ್ಲದು. ಹಿಡಿಯಲಾರದ್ದೂ ಇದೆ. ಭಟ್ಟಿಯಿಳಿಸಿದ ನೀರು ಚುಚ್ಚಿದರೂ ಕೆಲವರಿಗೆ ಚಳಿಜ್ವರ ಬರುವುದೇಕೆಂದು 1923ರಲ್ಲಿ ಫ್ಲಾರೆನ್ಸ್ ಸೀಬರ್ಟ್ ತೋರಿಸಿದಳು. ಬ್ಯಾಕ್ಟೀರಿಯಾ ಸತ್ತರೂ ಅವುಗಳ ಮೈಯ ವಿಷದ ತುಣುಕು ನೀರಿನಲ್ಲಿ ಉಳಿದಿರುತ್ತದೆ. ಅದು ಗಾಜಿನಷ್ಟು ತಿಳಿಯಾದ ನೀರಿನಲ್ಲೂ ಇರಬಹುದು. ನಾವಿದ್ದ ಹೆಬ್ಬಾಳದಿಂದ ಉತ್ತರಕ್ಕೆ ಹೊರಡುವ ಹೆದ್ದಾರಿಗೆ ಬಳ್ಳಾರಿ ರಸ್ತೆಯೆಂದೇ ಹೆಸರು. ಅದೇ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೂತ್ರಪಿಂಡ ಸೋತು ಹಾಸಿಗೆ ಹಿಡಿದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಹೋಗಿದ್ದರು. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟಿನ ಮೇಲೆ. ರಾಜ್ಯ ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ಆ ಐದು ಮನೆಗಳ ಹಸುಗೂಸುಗಳನ್ನು ನೆನೆದರೆ ಈಗಲೂ ಕರುಳು ಚುರ್ರೆನ್ನುತ್ತದೆ. ಕಾರ್ಖಾನೆಯೂ ಔಷಧ ನಿಯಂತ್ರಕರೂ ಕಾಯಬೇಕಾದ ಬಾಗಿಲನ್ನು ವಾರ್ಡಿನ ಸಿಸ್ಟರ್ ಕಾಯಲಾರಳು. ಅವಳ ಕೈಲಾಗುವುದು ಎರಡು. ಯಾವ ರೋಗಿಗೆ ಯಾವ ಬ್ಯಾಚಿನ ಬಾಟಲಿ ಹೋಯಿತೆಂದು ಬರೆದಿಡುವುದು. ಡ್ರಿಪ್ ಓಡುತ್ತಿದ್ದಾಗ ರೋಗಿ ಗಡಗಡ ನಡುಗತೊಡಗಿದರೆ ಕಂಬಳಿ ತರುವುದಕ್ಕೂ ಮೊದಲು ಡ್ರಿಪ್ ನಿಲ್ಲಿಸಿ, ಬಾಟಲಿಯನ್ನು ಎಸೆಯದೆ ಪರೀಕ್ಷೆಗೆ ಎತ್ತಿಡುವುದು.

ಮೊದಲ ರಾತ್ರಿ ನಾನು ಹನಿ ಎಣಿಸುತ್ತ ಕುಳಿತೆ. ಸಾಮಾನ್ಯ ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿ.ಲೀ. ಅರ್ಧ ಲೀಟರ್ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ 42 ಹನಿ, ಹದಿನೈದು ಸೆಕೆಂಡಿಗೆ ಹತ್ತರ ಮೇಲೆ ಸ್ವಲ್ಪ. ಸಿಸ್ಟರ್ ಗಡಿಯಾರ ನೋಡಿಕೊಂಡು ಚಕ್ರ ತಿರುಗಿಸಿ ಇದನ್ನು ಕೂರಿಸುತ್ತಾಳೆ. “ನಿಧಾನ ಆಯ್ತು” ಎಂದು ನಾವು ಆ ಚಕ್ರ ಮುಟ್ಟುವುದು, ಬೇರೆಯವರು ಓಡಿಸುತ್ತಿರುವ ಗಾಡಿಯ ಆಕ್ಸಿಲರೇಟರ್ ಒತ್ತಿದ ಹಾಗೆ. ಸೋತ ಹೃದಯದ ಮುದುಕರಲ್ಲಿ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಬಾಟಲಿಯನ್ನು ಅಷ್ಟೆತ್ತರಕ್ಕೆ ತೂಗುಹಾಕುವುದೂ ಲೆಕ್ಕವೇ. ಮಲಗಿದವರ ಕೈಯ ನಾಳದಲ್ಲಿ ಒತ್ತಡ ತೀರಾ ಕಡಿಮೆ, ಹತ್ತು ಹದಿನೈದು ಸೆಂಟಿಮೀಟರ್ ನೀರಿನ ಕಂಬದಷ್ಟು. ಬಾಟಲಿ ಒಂದು ಮೀಟರ್ ಮೇಲಿದ್ದರೆ ಸಲೀಸಾಗಿ ಗೆಲ್ಲುತ್ತದೆ. ರೋಗಿಯನ್ನು ಬಚ್ಚಲಿಗೆ ಕರೆದೊಯ್ಯುವಾಗ ನೆಂಟರು ಬಾಟಲಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದರೆ ಲೆಕ್ಕ ತಿರುಗಿ, ನಳಿಕೆಯಲ್ಲಿ ಕೆಂಪು ಏರುತ್ತದೆ. ಬಾಟಲಿ ಖಾಲಿಯಾದರೆ ಗಾಳಿ ನುಗ್ಗಿ ಪ್ರಾಣ ಹೋಗುತ್ತದೆಂದು ರಾತ್ರಿಯೆಲ್ಲ ಕಣ್ಣು ಪಿಳುಕಿಸದೆ ಕೂರುವವರಿದ್ದಾರೆ. ಆದರೆ ದ್ರವ ನಾಳದ ಒತ್ತಡಕ್ಕೆ ಸಮವಾದ ಎತ್ತರದಲ್ಲಿ ತಾನೇ ನಿಲ್ಲುತ್ತದೆ. ನಳಿಕೆಯಲ್ಲಿ ಕಾಣುವ ಒಂದೆರಡು ಸಣ್ಣ ಗುಳ್ಳೆಗಳನ್ನು ಶ್ವಾಸಕೋಶದ ಸೂಕ್ಷ್ಮನಾಳಗಳು ಸೋಸಿಬಿಡುತ್ತವೆ. ಹಾಗೆಂದು ಅಸಡ್ಡೆ ಬೇಡ. ಹೊಸ ಸೆಟ್ ಜೋಡಿಸುವಾಗ ಪೂರ್ತಿ ಗಾಳಿ ಕಳೆಯಲೇಬೇಕು. ಹರಿವು ನಿಂತರೆ ಆಗುವ ದಿನನಿತ್ಯದ ತೊಂದರೆ ಬೇರೆ: ತುದಿಯಲ್ಲಿ ರಕ್ತ ಹೆಪ್ಪುಗಟ್ಟಿ ಲೈನ್ ಕಟ್ಟಿಕೊಳ್ಳುತ್ತದೆ.

ಕಟ್ಟಿಕೊಳ್ಳದಂತೆ ಮಾಡುವ ಕೆಲಸಕ್ಕೆ ಫ್ಲಶ್ ಎನ್ನುತ್ತಾರೆ. ಇಂಜೆಕ್ಷನ್ನಿಗೆ ಮುಂಚೆ, ಆಮೇಲೆ, ಎರಡು ಔಷಧಿಗಳ ನಡುವೆ ಸಲೈನ್ ಬಿಡುವುದು. ಒಂದೇ ಏಟಿಗೆ ತಳ್ಳುವುದಿಲ್ಲ. ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳುತ್ತಾರೆ, ಒಳಗೆ ಸುಳಿಯೆದ್ದು ಗೋಡೆಗೆ ಅಂಟಿದ್ದು ತೊಳೆದುಹೋಗಲೆಂದು. ಔಷಧಿ ಚಿಕ್ಕದಿದ್ದರೂ ಫ್ಲಶ್‌ಗೆ 10 ಮಿ.ಲೀ. ಸಿರಿಂಜು ಹಿಡಿಯುವುದಕ್ಕೂ ಕಾರಣವಿದೆ. ಸಿರಿಂಜು ಸಣ್ಣದಾದಷ್ಟೂ ಅದೇ ಹೆಬ್ಬೆರಳಿನ ಬಲಕ್ಕೆ ಒತ್ತಡ ಹೆಚ್ಚುತ್ತದೆ, ನಾಜೂಕಾದ ನಾಳ ತಾಳುವುದಿಲ್ಲ. ನಡುವಿನ ಫ್ಲಶ್ ಬಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ವಾರ್ಡುಗಳ ನಿತ್ಯದ ಜೋಡಿಯೇ ಉದಾಹರಣೆ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ರಿಂಗರ್ ಲ್ಯಾಕ್ಟೇಟಿನ ಕ್ಯಾಲ್ಸಿಯಂ ಜೊತೆ ಸೇರಿದರೆ ಸುಣ್ಣದಂಥ ಹರಳು ಕಟ್ಟುತ್ತದೆ. ನವಜಾತ ಶಿಶುಗಳಲ್ಲಿ ಇದು ಪ್ರಾಣಕ್ಕೇ ಎರವಾಗಿದೆ. ಇಷ್ಟೆಲ್ಲಕ್ಕೂ ಮೊದಲು, ಸಿರಿಂಜು ಕೂರುವ ಬಾಯನ್ನು ಸ್ಪಿರಿಟ್ ಒರಸಿನಿಂದ ಹದಿನೈದು ಸೆಕೆಂಡು ಉಜ್ಜಿ ಒಣಗಲು ಬಿಡಬೇಕು. ಚರ್ಮದ ಮೇಲೆ ಹಾಯಾಗಿರುವ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾಕ್ಕೆ ಆ ಬಾಯಿ ನೇರ ರಕ್ತಕ್ಕೆ ತೆರೆದ ಹೆಬ್ಬಾಗಿಲು. ಮಧ್ಯರಾತ್ರಿ ಎರಡು ಗಂಟೆಗೆ, ಹನ್ನೆರಡು ಹಾಸಿಗೆಗೆ ಒಬ್ಬಳೇ ಇರುವಾಗ, ಯಾರೂ ನೋಡದಿದ್ದಾಗ, ಆ ಹದಿನೈದು ಸೆಕೆಂಡನ್ನು ಪೂರ್ತಿ ಕೊಡುವವಳನ್ನು ನಾನು ವಿಜ್ಞಾನಿಯೆಂದೇ ಕರೆಯುತ್ತೇನೆ.

ಮೂರನೆಯ ದಿನ ಅಮ್ಮ ವಾಕರ್ ಹಿಡಿದು ನಿಂತಳು. ನಾವೆಲ್ಲ ಅವಳ ಕಾಲು ನೋಡುತ್ತಿದ್ದೆವು, ಕೈಯನ್ನು ಯಾರೂ ನೋಡಲಿಲ್ಲ. ವಾಕರಿನ ಮೇಲೆ ಭಾರ ಹಾಕಿದಾಗಲೆಲ್ಲ ಮಣಿಕಟ್ಟು ಹಿಂದಕ್ಕೆ ಬಗ್ಗುತ್ತಿತ್ತು. ಬಗ್ಗಿದಾಗಲೆಲ್ಲ ಒಳಗಿನ ನಳಿಕೆಯ ತುದಿ ನಾಳದ ಗೋಡೆಯನ್ನು ಉಜ್ಜುತ್ತಿತ್ತು. ಆ ಗೋಡೆಯ ಒಳಮೈ ಒಂದೇ ಒಂದು ಪದರ ಜೀವಕೋಶದ್ದು. ರಕ್ತ ಹೆಪ್ಪುಗಟ್ಟದೆ ಹರಿಯುವುದು ಆ ಪದರದ ನುಣುಪಿನಿಂದ. ಜರ್ಮನಿಯ ರುಡಾಲ್ಫ್ ವಿರ್ಖೋ 1856ರಲ್ಲೇ ವಿವರಿಸಿದ್ದ ಮೂರು ಕಾರಣಗಳು, ಅಂದರೆ ಗೋಡೆಗೆ ಗಾಯ, ಹರಿವಿನ ತಡೆ, ಸುಲಭವಾಗಿ ಹೆಪ್ಪುಗಟ್ಟುವ ರಕ್ತ, ಶಸ್ತ್ರಚಿಕಿತ್ಸೆಯಾದ ರೋಗಿಯ ಕೈಯಲ್ಲಿ ಮೂರೂ ಸೇರುತ್ತವೆ. ಇದರ ಮೇಲೆ ಔಷಧಿಗಳ ರಾಸಾಯನಿಕ ಪೆಟ್ಟು. ಹೊಟ್ಟೆಯುರಿಗೆ ಕೊಡುವ ಪ್ಯಾಂಟೊಪ್ರಜೋಲ್ ಕ್ಷಾರ, ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಆಮ್ಲ. ರಕ್ತಕ್ಕಿಂತ ಬಹಳ ಸಾಂದ್ರವಾದ ದ್ರಾವಣಗಳಂತೂ ಜೀವಕೋಶಗಳಿಂದ ನೀರು ಹೀರಿ ಒಣಗಿಸುತ್ತವೆ. ಹೀಗೆ ಶುರುವಾಗುವ ಉರಿಯೂತಕ್ಕೆ ವಾರ್ಡಿನವರು ಫ್ಲೆಬೈಟಿಸ್ ಎನ್ನುತ್ತಾರೆ.

ಅಂದು ಸಂಜೆಯ ಪಾಳಿಗೆ ಬಂದವಳು ಚಿಕ್ಕಬಳ್ಳಾಪುರದ ಕಡೆಯ ಹುಡುಗಿ. ಹ್ಯಾಂಡೋವರ್ ಮುಗಿದದ್ದೇ ಒಂದೊಂದೇ ಹಾಸಿಗೆಗೆ ಬಂದು, ಹೊದಿಕೆ ಸರಿಸಿ, ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದಳು.

“ಅಜ್ಜಿ, ಇಲ್ಲಿ ಮುಟ್ಟಿದ್ರೆ ನೋಯುತ್ತಾ?”

“ಉರೀತದೆ ಕಣವ್ವ.”

“ಯಾವಾಗಿಂದ?”

“ನೆನ್ನೆ ಬೆಳಗ್ಗಿಂದ. ಸೂಜಿ ಅಂದ್ಮೇಲೆ ನೋಯ್ದೆ ಇರ್ತದಾ?”

ಒಂದೂವರೆ ದಿನ ಪಕ್ಕದಲ್ಲೇ ಕೂತಿದ್ದ ನನಗೂ ಅವಳು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಪಟ್ಟಿ ಬಿಚ್ಚಿದರೆ ನಳಿಕೆಯಿಂದ ಮೇಲಕ್ಕೆ ಎರಡು ಬೆರಳಗಲ ಕೆಂಪು ಗೀರು, ಬೆಚ್ಚಗೆ, ಊದಿಕೊಂಡಿತ್ತು. ಬಾವು ತಣ್ಣಗೆ ಬಿಳಿಚಿಕೊಂಡಿದ್ದರೆ ನಳಿಕೆ ಜಾರಿ ನೀರು ಮಾಂಸಕ್ಕೆ ಸೋರುತ್ತಿದೆ. ಬೆಚ್ಚಗೆ ಕೆಂಪಾಗಿದ್ದರೆ ನಾಳವೇ ಉರಿಯುತ್ತಿದೆ. ಬೆರಳ ಹಿಂಬದಿಗೆ ತಿಳಿಯುವ ವ್ಯತ್ಯಾಸ ಇದು. ಇಂಗ್ಲೆಂಡಿನ ಆಂಡ್ರ್ಯೂ ಜಾಕ್ಸನ್ 1998ರಲ್ಲಿ ಜನಪ್ರಿಯಗೊಳಿಸಿದ ಸೊನ್ನೆಯಿಂದ ಐದರವರೆಗಿನ ಅಂಕಪಟ್ಟಿಯನ್ನು ಎಷ್ಟೋ ಆಸ್ಪತ್ರೆಗಳು ಬಳಸುತ್ತವೆ. ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು ಮಾತ್ರ ಇದ್ದರೆ ಒಂದು, ಕಣ್ಣಿಡಬೇಕು. ನೋವು, ಕೆಂಪು, ಬಾವು, ಈ ಮೂರರಲ್ಲಿ ಎರಡು ಕಂಡರೆ ಅಂಕ ಎರಡು, ಲೈನ್ ತೆಗೆಯಬೇಕು. ಅಮ್ಮನದು ಎರಡನ್ನೂ ದಾಟಿತ್ತು.

ಹುಡುಗಿ ಚಾರ್ಟ್ ತಿರುವಿದಳು. ಆ್ಯಂಟಿಬಯಾಟಿಕ್ ಹಿಂದಿನ ದಿನವೇ ನಿಂತಿತ್ತು. ಅಮ್ಮ ಎರಡು ದಿನದಿಂದ ಇಡ್ಲಿ, ಅನ್ನ ಸಾರು ತಿನ್ನುತ್ತಿದ್ದಳು. ನೋವಿನ ಮಾತ್ರೆ ಬಾಯಿಗೆ ಬದಲಾಗಿತ್ತು. ಆ ನಳಿಕೆಯ ಮೂಲಕ ಏನೂ ಹೋಗುತ್ತಿರಲಿಲ್ಲ. “ಇರ್ಲಿ, ಬೇಕಾದ್ರೆ” ಎಂದು ಅದು ಉಳಿದುಕೊಂಡಿತ್ತು, ಭಾನುವಾರ ಅಡ್ಡ ಬಂದಿತ್ತು. “ಆಮೇಲೆ ಮೇಲಕ್ಕೆ ಹಾಕೋಣ” ಎಂದ ಹಿರಿಯ ಸಿಸ್ಟರಿನ ಮಾತು ಯಾವ ಕಾಗದದ ಮೇಲೂ ಇರಲಿಲ್ಲ.

ಇದು ಒಂದು ಆಸ್ಪತ್ರೆಯ ಲೋಪವಲ್ಲ, ಲೋಕದ ರೂಢಿ. 51 ದೇಶಗಳ 40,000ಕ್ಕೂ ಹೆಚ್ಚು ಲೈನುಗಳನ್ನು ಹಾಸಿಗೆ ಹಾಸಿಗೆಗೆ ಹೋಗಿ ನೋಡಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ 14 ಕೆಲಸವಿಲ್ಲದೆ ಸುಮ್ಮನೆ ಕೂತಿದ್ದವು. ಶೇಕಡ 10ರಲ್ಲಿ ನೋವೋ ಉರಿಯೂತದ ಲಕ್ಷಣವೋ ಇತ್ತು. ಸುಮಾರು ಅರ್ಧಕ್ಕೆ ಹಾಕಿದ ದಿನ, ಹೊತ್ತು ಬರೆದಿರಲಿಲ್ಲ. ಹಿಂದೆ ಇದಕ್ಕೆ ಒಂದು ಸುಲಭದ ಕಟ್ಟಳೆಯಿತ್ತು: ಮೂರು ನಾಲ್ಕು ದಿನಕ್ಕೊಮ್ಮೆ ಚೆನ್ನಾಗಿದ್ದರೂ ಕಿತ್ತು ಬೇರೆ ಹಾಕು. ಆಸ್ಟ್ರೇಲಿಯಾದ ನರ್ಸಿಂಗ್ ಸಂಶೋಧಕಿ ಕ್ಲೇರ್ ರಿಕಾರ್ಡ್ ತಂಡ ಅದನ್ನು 3,283 ರೋಗಿಗಳಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿತು. ಗಡಿಯಾರ ನೋಡಿ ಬದಲಿಸಿದವರಲ್ಲೂ ಲಕ್ಷಣ ನೋಡಿ ತೆಗೆದವರಲ್ಲೂ ಉರಿಯೂತ ಶೇಕಡ 7, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ. ಅಂದರೆ ಕಾರಣವಿಲ್ಲದೆ ಮುದುಕರ ಕೈಗೆ ಹೊಸ ಚುಚ್ಚು ಬೇಕಿಲ್ಲ. ಆದರೆ ಈ ಫಲಿತಾಂಶವನ್ನು ಓದುವಾಗ ಎಚ್ಚರ ಬೇಕು. ಲಕ್ಷಣ ಕಂಡಾಗ ತೆಗೆಯುವುದು ಸರಿಯಾಗಬೇಕಾದರೆ ಯಾರಾದರೂ ಪ್ರತಿ ಪಾಳಿಯಲ್ಲೂ ಲಕ್ಷಣ ನೋಡಬೇಕು. ಗಡಿಯಾರದ ಕಟ್ಟಳೆಯನ್ನು ತೆಗೆದುಹಾಕಿ ನೋಡುವ ಕೈಗಳನ್ನು ಹೆಚ್ಚಿಸದಿದ್ದರೆ, ವಿಜ್ಞಾನದ ಹೆಸರಿನಲ್ಲಿ ರೋಗಿಯನ್ನು ಮರೆತಂತೆ. ಹೆಬ್ಬಾಳದ ಬ್ಯಾಪ್ಟಿಸ್ಟ್, ಮತ್ತಿಕೆರೆಯ ರಾಮಯ್ಯ ಮುಂತಾದ ಕಡೆಗಳ ನರ್ಸಿಂಗ್ ತರಗತಿಗಳಿಂದ ಉತ್ತರ ಬೆಂಗಳೂರಿನಲ್ಲಿ ವರ್ಷವರ್ಷವೂ ಹುಡುಗಿಯರು, ಹುಡುಗರು ಕಲಿತು ಹೊರಬರುತ್ತಾರೆ. ಕಲಿತ ಕೈಗಳಿಗೆ ನಮ್ಮಲ್ಲಿ ಬರವಿಲ್ಲ, ಒಂದು ಪಾಳಿಗೆ ಇಷ್ಟು ಜನ ಎಂದು ಕೊಡುವ ಮನಸ್ಸಿಗೆ ಬರ.

ಹುಡುಗಿ ಒಣ ಹತ್ತಿ ಇಟ್ಟು ಮೆಲ್ಲಗೆ ನಳಿಕೆ ಎಳೆದಳು, ತುದಿ ಮುರಿಯದೆ ಪೂರ್ತಿ ಬಂದಿದೆಯೇ ಎಂದು ನೋಡಿದಳು, ಎರಡು ನಿಮಿಷ ಒತ್ತಿಹಿಡಿದಳು. ಆಮೇಲೆ ಅಮ್ಮನ ಮುಂದೆ ಅದನ್ನು ಬೆರಳ ನಡುವೆ ಬಾಗಿಸಿ ತೋರಿಸಿದಳು. “ನೋಡಿ ಅಜ್ಜಿ, ಸೂಜಿ ಇಲ್ವೇ ಇಲ್ಲ. ಇದು ಬರೀ ಪ್ಲಾಸ್ಟಿಕ್ಕು. ಇದು ಒಳಗಿದ್ದಾಗ ನೋಯ್ಬಾರ್ದು. ನೋಯ್ತಾ ಇದೆ ಅಂದ್ರೆ ಏನೋ ಸರಿ ಇಲ್ಲ ಅಂತ. ಮುಂದೆ ಯಾವತ್ತಾದ್ರೂ ಹಾಕಿದ್ರೆ ಕೂಗಿ ಹೇಳ್ಬೇಕು, ಆಯ್ತಾ?” ನಳಿಕೆ ಕೆಂಪು ಚೀಲಕ್ಕೆ ಹೋಯಿತು, ರಕ್ತದ ಹತ್ತಿ ಹಳದಿಗೆ. ಅದರ ಸೂಜಿ ಮೂರು ದಿನದ ಹಿಂದೆಯೇ ತೂತಾಗದ ಬಿಳಿ ಡಬ್ಬಿ ಸೇರಿರಬೇಕು. ಆಸ್ಪತ್ರೆಯ ತ್ಯಾಜ್ಯದ 2016ರ ನಿಯಮ ಹಾಗಿದೆ. ತೆಗೆದಮೇಲೂ ಎರಡು ದಿನ ಆ ಜಾಗ ನೋಡುತ್ತಿರಬೇಕೆಂದು ನನಗೆ ಹೇಳಿದಳು, ಉರಿಯೂತ ಕೆಲವೊಮ್ಮೆ ಆಮೇಲೂ ಏಳುತ್ತದಂತೆ.

ಕೆಂಪು ಒಂದು ವಾರಕ್ಕೆ ಇಳಿಯಿತು. ನಾಳ ಮಾತ್ರ ಒಣಗಿದ ಹಂಬಿನಂತೆ ಚರ್ಮದಡಿ ಗಟ್ಟಿಯಾಗಿ ಉಳಿಯಿತು. ಅಮ್ಮ ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಿದ್ದಳು. ಸಂಕ್ರಾಂತಿ ಕಳೆದು ನಮ್ಮ ಹಸು ಕರು ಹಾಕಿ ಮಾರನೆಯ ದಿನ ಏಳಲಾರದೆ ಮಲಗಿತು. ಪಶುವೈದ್ಯರು ಬಂದು ಕುತ್ತಿಗೆಯ ನಾಳಕ್ಕೆ ಸೂಜಿ ಹಾಕಿ ಕ್ಯಾಲ್ಸಿಯಂ ಬಾಟಲಿ ಎತ್ತಿ ಹಿಡಿದರು, ಇನ್ನೊಂದು ಕೈಯಲ್ಲಿ ಸ್ಟೆತಾಸ್ಕೋಪ್ ಎದೆಗೆ. ಬೇಗ ಬಿಟ್ಟರೆ ಅದೇ ಕ್ಯಾಲ್ಸಿಯಂ ಹೃದಯವನ್ನು ನಿಲ್ಲಿಸುತ್ತದೆ. ನಾಳದ ಹೊರಗೆ ಸೋರಿದರೆ ಕುತ್ತಿಗೆ ಬಾತುಕೊಳ್ಳುತ್ತದೆ. ಅಮ್ಮ ವಾಕರ್ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದಳು. ಬರಬೇಡವೆಂದರೂ ಕೇಳದೆ ಕುರ್ಚಿ ಹಾಕಿಸಿಕೊಂಡು ಹಸುವಿನ ಪಕ್ಕ ಕುಳಿತಳು. ಸೂಜಿಯ ಸುತ್ತ ಅಂಗೈ ಇಟ್ಟಳು.

“ಡಾಕ್ಟ್ರೇ, ಇದು ನೋಯ್ತದೆ ಅಂತ ಹೇಳಾಕಿಲ್ಲ,” ಎಂದಳು. “ನೀವು ಬಾಟ್ಲು ನೋಡ್ಕಳಿ. ಊದುದ್ರೆ ನಾನ್ ಹೇಳ್ತೀನಿ.”

ಬಾಟಲಿ ಮುಗಿಯುವವರೆಗೂ ಆ ಕೈ ಅಲ್ಲಿಂದ ಕದಲಲಿಲ್ಲ.